ಹಳದಿ ಎಂಜಿನ್ ಲೈಟ್ ಬಂದ ಕೂಡಲೇ ಟರ್ಬೋ ಬಿಚ್ಚಲು ಬಿಡಬೇಡಿ

ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆ ಡೀಸೆಲ್ ಕಾರು ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರಿನಲ್ಲಿ ಬರುವ ದೋಷದ ಕೋಡನ್ನು ತೋರಿಸಿ, ಅದೇ ಹಾಳಾದ ಪಾರ್ಟು ಅಂತ ಹೇಳಿ ದುಡ್ಡು ಕೀಳುವ ಗ್ಯಾರೇಜುಗಳಿವೆ. ನನ್ನಿಂದ ಹಾಗೇ ಕಿತ್ತರು. ನಿಮಗೆ ಆಗಬಾರದು.

ಮಳೆಗಾಲದಲ್ಲಿ ಮುಳ್ಳೇರಿಯ ದಾಟಿ ಸುಳ್ಯದ ಕಡೆ ಹೋಗುತ್ತಿದ್ದೆ. ಏರು ರಸ್ತೆಯಲ್ಲಿ ಪಿಕಪ್ಪೇ ಇಲ್ಲ. ಹಿಂದಿನಿಂದ ಕಪ್ಪು ಹೊಗೆ, ಆಕ್ಸಿಲರೇಟರ್ ಒತ್ತಿದರೆ ಬಾನೆಟ್ ಒಳಗಿಂದ ಸುಯ್ ಅನ್ನುವ ಶಬ್ದ, ಮೀಟರಿನಲ್ಲಿ ಹಳದಿ ಎಂಜಿನ್ ಲೈಟ್. ಬದಿಗೆ ನಿಲ್ಲಿಸಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಸರಿಯಾಗಿ ಹೋಗುತ್ತದೆ, ಮುಂದಿನ ಏರಿನಲ್ಲಿ ಮತ್ತೆ ಅದೇ ಕಥೆ. ಎಂಜಿನ್ ಹಾಳಾಗದಿರಲಿ ಅಂತ ಅದರ ಕಂಪ್ಯೂಟರೇ ಶಕ್ತಿ ಕಡಿಮೆ ಮಾಡುವ ಸ್ಥಿತಿ ಅದು. ಲಿಂಪ್ ಮೋಡ್ ಅನ್ನುತ್ತಾರೆ.

ಹೈವೇ ಬದಿಯ ಒಂದು ಗ್ಯಾರೇಜಿಗೆ ತೋರಿಸಿದೆ. ಸ್ಕ್ಯಾನರ್ ಹಾಕಿದರು, ಪಿ0299 ಬಂತು. ಬಾನೆಟ್ ಕೂಡ ಎತ್ತದೆ "ಟರ್ಬೋ ಹೋಗಿರಬೇಕು, ಆದರೆ ಮೊದಲು ಏರ್ ಫ್ಲೋ ಸೆನ್ಸರ್ ಹಾಕಿ ನೋಡುವಾ" ಅಂದರು. ಟರ್ಬೋ ಅಂದರೆ ಎಂಜಿನಿಗೆ ಗಾಳಿಯನ್ನು ಒತ್ತಡದಲ್ಲಿ ತುಂಬುವ ಭಾಗ, ಏರ್ ಫ್ಲೋ ಸೆನ್ಸರ್ ಅಂದರೆ ಒಳಗೆ ಹೋಗುವ ಗಾಳಿಯನ್ನು ಅಳೆಯುವ ಭಾಗ. ಸೆನ್ಸರಿಗೆ 9,000 ರೂಪಾಯಿ. ಬಿಲ್ಲಿನಲ್ಲಿ ಪಾರ್ಟ್ ನಂಬರ್ ಇಲ್ಲ. ಹಳೆಯ ಸೆನ್ಸರ್ ಕೊಡಿ ಅಂದರೆ ಎಸೆದಾಯಿತು ಅಂದರು. ಕೋಡ್ ಅಳಿಸಿದ್ದರಿಂದ ಲೈಟ್ ಆರಿತ್ತು, ಮನೆ ತಲುಪುವ ಮೊದಲೇ ಮತ್ತೆ ಹತ್ತಿತು. ಫೋನ್ ಮಾಡಿದರೆ "ಹೇಳಿದ್ದೆನಲ್ಲ, ಟರ್ಬೋ. 70,000 ಆಗುತ್ತದೆ, ಗಾಡಿ ಬಿಟ್ಟು ಹೋಗಿ" ಅನ್ನುವ ಉತ್ತರ. ಒಬ್ಬ ಮನುಷ್ಯನ ತಿಂಗಳುಗಟ್ಟಲೆ ದುಡಿಮೆಯನ್ನು ಇಷ್ಟು ಸಲೀಸಾಗಿ ಕೇಳುತ್ತಾರಲ್ಲ ಅಂತ ಈಗಲೂ ಸಿಟ್ಟು ಬರುತ್ತದೆ.

ಆಮೇಲೆ ಪುತ್ತೂರಿನ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಅವರು ಸ್ಕ್ಯಾನರ್ ಮುಟ್ಟುವ ಮೊದಲು ಟರ್ಬೋದಿಂದ, ಆ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸನ್ನು ಕೈಯಲ್ಲಿ ಸವರಿದರು. ಬಗ್ಗಿದ ಜಾಗದ ಕೆಳಬದಿ ಎಣ್ಣೆ ಎಣ್ಣೆಯಾಗಿತ್ತು. ಒರೆಸಿ ಹಿಂಡಿದರೆ ಬಿರುಕು ಬಾಯಿ ತೆರೆಯಿತು. ಸುಮ್ನೆ ನೋಡಿದರೆ ಕಾಣುವುದಿಲ್ಲ, ಒಳಗೆ ಒತ್ತಡ ಬಂದಾಗ ಮಾತ್ರ ತೆರೆದುಕೊಳ್ಳುತ್ತದೆ. ಸುಯ್ ಅನ್ನುವ ಶಬ್ದ ಅಲ್ಲಿಂದಲೇ ಬರುತ್ತಿತ್ತು. ಹೋಸ್ ಬದಲಿಸಲು ಕೂಲಿ ಸೇರಿ 3,000 ಕೂಡ ಆಗಲಿಲ್ಲ. ಟರ್ಬೋಗೆ ಏನೂ ಆಗಿರಲಿಲ್ಲ, ನನ್ನ ಹಳೆಯ ಸೆನ್ಸರಿಗೂ ಏನೂ ಆಗಿರಲಿಲ್ಲ.

ಪಿ0299 ಅಂದರೆ ಎಂಜಿನ್ ಕೇಳಿದಷ್ಟು ಬೂಸ್ಟ್, ಅಂದರೆ ಟರ್ಬೋ ತುಂಬುವ ಗಾಳಿಯ ಒತ್ತಡ, ಸಿಗುತ್ತಿಲ್ಲ ಅಂತ, ಅಷ್ಟೇ. ಯಾಕೆ ಸಿಗುತ್ತಿಲ್ಲ ಅಂತ ಕೋಡ್ ಹೇಳುವುದಿಲ್ಲ. ಹೋಸ್ ಒಡೆದಿರಬಹುದು, ಕ್ಲಾಂಪ್ ಸಡಿಲ ಆಗಿರಬಹುದು, ವ್ಯಾಕ್ಯೂಮ್ ಪೈಪ್ ಬಿರಿದಿರಬಹುದು, ಟರ್ಬೋದ ಒತ್ತಡ ಹೆಚ್ಚು ಕಡಿಮೆ ಮಾಡುವ ಆಕ್ಚುಯೇಟರ್ ಅಂಟಿಕೊಂಡಿರಬಹುದು, ಒತ್ತಡ ಅಳೆಯುವ ಸೆನ್ಸರೇ ತಪ್ಪು ಹೇಳುತ್ತಿರಬಹುದು, ಇವೆಲ್ಲ ನೋಡಿದ ಮೇಲೆ ಟರ್ಬೋ. ತೋಟಕ್ಕೆ ಬೋರ್ಡೋ ಮದ್ದು ಬಿಡುವಾಗ ಪೈಪ್ ಒಡೆದು ಗನ್ನಿಗೆ ಪ್ರೆಶರ್ ಬರದಿದ್ದರೆ ನಾವು ಹೊಸ ಪಂಪ್ ತರುತ್ತೇವಾ? ಕಪ್ಪು ಹೊಗೆಯ ಕಾರಣವೂ ಇದೇ. ಏರ್ ಫ್ಲೋ ಸೆನ್ಸರ್ ಅಳೆದ ಗಾಳಿ ದಾರಿಯಲ್ಲೇ ಸೋರಿಹೋಗುತ್ತದೆ, ಡೀಸೆಲ್ ಮಾತ್ರ ಅಳತೆಯ ಲೆಕ್ಕದಲ್ಲೇ ಬೀಳುತ್ತದೆ, ಪೂರ್ತಿ ಉರಿಯುವುದಿಲ್ಲ.

ಹಾಗಾಗಿ ಸೆನ್ಸರ್ ಬದಲಿಸಬೇಕು ಅಂತ ಯಾರಾದರೂ ಹೇಳಿದರೆ ಲೈವ್ ಡೇಟಾ ತೋರಿಸಿ ಅಂತ ಕೇಳಿ. ಕೋಡ್ ಓದುವುದು ಬೇರೆ, ಗಾಡಿ ಓಡುವಾಗ ಸೆನ್ಸರುಗಳು ಏನು ಹೇಳುತ್ತಿವೆ ಅಂತ ನೋಡುವುದು ಬೇರೆ. ಕೇಳಿದ ಬೂಸ್ಟ್ ಎಷ್ಟು, ಸಿಕ್ಕ ಬೂಸ್ಟ್ ಎಷ್ಟು ಅಂತ ಎರಡೂ ಅಂಕಿ ಪಕ್ಕಪಕ್ಕ ಕಾಣುತ್ತವೆ. ಒತ್ತಡದ ಸೆನ್ಸರ್ ಸರಿ ಇದೆಯಾ ಅಂತ ನೋಡಲು ಒಂದು ಸುಲಭ ದಾರಿ ಇದೆ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಆಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ನಮ್ಮ ಕರಾವಳಿಯಲ್ಲಿ ಸುಮಾರು 100 ಕಿಲೋಪ್ಯಾಸ್ಕಲ್, ಮಡಿಕೇರಿಯ ಎತ್ತರದಲ್ಲಾದರೆ ಸುಮಾರು 88. ಕಾಸರಗೋಡಿನಲ್ಲಿ ನಿಂತ ಗಾಡಿ 70 ತೋರಿಸಿದರೆ ಆಗ ಸೆನ್ಸರ್ ಅಥವಾ ಅದರ ವಯರಿನ ಮೇಲೆ ಸಂಶಯ ಪಡಬಹುದು. ಬ್ಲೂಟೂತ್ ಸ್ಕ್ಯಾನರ್ ಈಗ ಕಡಿಮೆ ಬೆಲೆಗೆ ಸಿಗುತ್ತದೆ, ಸ್ಟೀಯರಿಂಗ್ ಕೆಳಗಿನ 16 ಪಿನ್ನಿನ ಪೋರ್ಟಿಗೆ ಹಾಕಿದರೆ ಮೊಬೈಲಿನಲ್ಲೇ ನೋಡಬಹುದು.

ಕೋಡ್ ಅಳಿಸಲು ಮಾತ್ರ ಬೇಗ ಬಿಡಬೇಡಿ. ಲೈಟ್ ಹತ್ತಿದ ಕ್ಷಣದಲ್ಲಿ ಎಂಜಿನ್ ಎಷ್ಟು ವೇಗದಲ್ಲಿತ್ತು, ಎಷ್ಟು ಬಿಸಿ ಇತ್ತು, ಎಷ್ಟು ಲೋಡ್ ಇತ್ತು ಅನ್ನುವುದೆಲ್ಲ ಫ್ರೀಜ್ ಫ್ರೇಮ್ ಅಂತ ದಾಖಲಾಗಿರುತ್ತದೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ. ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ.

ಒಮ್ಮೆಲೇ ನಾಲ್ಕೈದು ಸೆನ್ಸರಿನ ಕೋಡ್ ಬಂದರೆ ಗಾಬರಿ ಬೇಡ. ಎಲ್ಲ ಸೆನ್ಸರುಗಳೂ ಒಂದೇ ದಿನ ಸಾಯುವುದಿಲ್ಲ ಅಲ್ವಾ. ಬ್ಯಾಟರಿ ವೀಕ್ ಇರಬಹುದು, ಅರ್ಥಿಂಗ್ ವಯರ್ ಸಡಿಲ ಇರಬಹುದು, ಹಲವು ಸೆನ್ಸರುಗಳು ಹಂಚಿಕೊಳ್ಳುವ 5 ವೋಲ್ಟಿನ ಲೈನ್ ಎಲ್ಲೋ ಶಾರ್ಟ್ ಆಗಿರಬಹುದು. ನಮ್ಮಲ್ಲಿ ಮಳೆಗಾಲದಲ್ಲಿ ಕನೆಕ್ಟರಿಗೆ ನೀರು ಸೇರಿ ಪಿನ್ನು ಹಸಿರುಗಟ್ಟುವುದು, ಶೆಡ್ಡಿನಲ್ಲಿ ನಿಲ್ಲಿಸಿದ ಗಾಡಿಯ ವಯರನ್ನು ಇಲಿ ಕಡಿಯುವುದು ತುಂಬಾ ಜಾಸ್ತಿ. ಇದನ್ನೆಲ್ಲ ನೋಡದೆ ಸೆನ್ಸರ್ ಆರ್ಡರ್ ಮಾಡುವವರ ಹತ್ತಿರ ಗಾಡಿ ಬಿಡಬೇಡಿ.

2020ರ ಏಪ್ರಿಲ್ ನಂತರದ ಬಿಎಸ್6 ಹೊಗೆ ನಿಯಮದ ಡೀಸೆಲ್ ಕಾರಿನವರಿಗೆ ಇನ್ನೊಂದು ಮಾತು. ಹೊಗೆ ಹಿಡಿಯುವ ಡಿಪಿಎಫ್ ಫಿಲ್ಟರಿನ ಲೈಟ್ ಬಂದರೆ ಅದು ಯಾವಾಗಲೂ ಹಾಳಾದ ಸೂಚನೆಯಲ್ಲ. ಒಳಗೆ ಕೂತ ಮಸಿ ಸುಡಲು ಸುಮಾರು 600 ಡಿಗ್ರಿ ಬಿಸಿ ಬೇಕು, ನೀರ್ಚಾಲಿನಿಂದ ಹತ್ತಿರದ ಬದಿಯಡ್ಕಕ್ಕೆ ಹೋಗಿ ಬಂದರೆ ಅಷ್ಟು ಬಿಸಿ ಏರುವುದಿಲ್ಲ. ಬೇರೆ ಲೈಟ್ ಇಲ್ಲದಿದ್ದರೆ, ಗಾಡಿಯ ಪುಸ್ತಕದಲ್ಲಿ ಹೇಳಿದ ಹಾಗೆ ಹೈವೇಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿಸಿ ನೋಡಿ. ಫಿಲ್ಟರೇ ಕಿತ್ತುಹಾಕುತ್ತೇನೆ ಅನ್ನುವವರಿಗೆ ಒಪ್ಪಬೇಡಿ.

ಇಷ್ಟು ಹೊತ್ತು ಹೇಳಿದ್ದೆಲ್ಲ ಹಳದಿ ಲೈಟಿನ ಮಾತು. ಕೆಂಪು ಆಯಿಲ್ ಕ್ಯಾನ್ ಅಥವಾ ಕೆಂಪು ಟೆಂಪರೇಚರ್ ಲೈಟ್ ಬಂದರೆ ಸ್ಕ್ಯಾನರ್, ಗ್ಯಾರೇಜ್ ಯಾವುದನ್ನೂ ಯೋಚಿಸಬೇಡಿ. ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಗಾಡಿಯನ್ನು ಲಾರಿಯಲ್ಲೇ ಸಾಗಿಸಿ.