ಹಳೇ ಟಾಟಾ 407 ಲಾರಿಗೆ ಗುಜರಿ ಡೋರ್ ಹಾಕ್ಸೋರು ಲಾಕ್ ವಿಷ್ಯ ಸ್ವಲ್ಪ ನೋಡ್ಕೊಳಿ

407 ಇರ್ಲಿ, ಹಳೇ ಐಷರ್ ಇರ್ಲಿ, ಸ್ವರಾಜ್ ಮಜ್ದಾ ಇರ್ಲಿ, ತುಕ್ಕು ಹಿಡಿದಿರೋ ಡೋರ್ ತೆಗೆಸಿ ಗುಜರಿಯಿಂದ ಬೇರೆ ಡೋರ್ ತಂದು ಹಾಕ್ಸೋ ಯೋಚನೆ ಇದ್ರೆ ಟಿಂಕರಿಂಗ್ ಶಾಪಲ್ಲಿ ಗಾಡಿ ಬಿಡೋಕೆ ಮುಂಚೆನೇ ಒಂದು ಮಾತು ಹೇಳ್ಬಿಡಿ, ಹಳೇ ಡೋರಲ್ಲಿರೋ ಲಾಕ್ ಬಿಚ್ಚಿ ನನ್ನ ಕೈಗೆ ಕೊಟ್ಟ ಮೇಲೇನೇ ಆ ಡೋರ್ ಶಾಪಿಂದ ಆಚೆ ಹೋಗ್ಬೇಕು ಅಂತ. ನಮಗೆ ಆಗಿದ್ದು ಕೇಳಿದ್ರೆ ಯಾಕೆ ಅಂತ ಗೊತ್ತಾಗುತ್ತೆ.

ನಮ್ಮದು ತಿಪಟೂರು ಕಡೆ, ಕೊಬ್ಬರಿ ತೆಂಗಿನಕಾಯಿ ಲೋಡ್ ಹೊಡಿಯೋ ಗಾಡಿ. ಗ್ಲಾಸ್ ಬೀಡಿಂಗ್ ಹೋಗಿ ಮಳೆ ನೀರು ಡೋರ್ ಒಳಗೆ ಇಳಿದು, ಕೆಳಗಿರೋ ತೂತೆಲ್ಲ ಮಣ್ಣು ತುಂಬಿ ಮುಚ್ಕೊಂಡು, ನೀರು ಅಲ್ಲೇ ನಿಂತು ನಿಂತು ಎರಡೂ ಡೋರಿನ ಕೆಳಗಡೆ ಹಪ್ಪಳದ ಥರ ಆಗಿತ್ತು. ಎಫ್‌ಸಿ (ಆರ್‌ಟಿಓ ಫಿಟ್‌ನೆಸ್ ಸರ್ಟಿಫಿಕೇಟ್) ಹತ್ರ ಬಂತು, ಟಿಂಕರಿಂಗ್‌ನೋನು ಪ್ಯಾಚ್ ಹಾಕಿದ್ರೆ ನಿಲ್ಲಲ್ಲ ಸೆಕೆಂಡ್ಸ್ ಡೋರೇ ತರ್ಸೋಣ ಅಂದ. ತರಿಸಿದ. ಡೋರ್ ಬಗ್ಗೆ ಅವನ ಮೇಲೆ ಒಂದು ಮಾತೂ ಆಡಲ್ಲ, ಮ್ಯಾಗ್ನೆಟ್ ಇಟ್ಟು ನೋಡಿದ್ವಿ, ಎಲ್ಲೂ ಪುಟ್ಟಿ ಇಲ್ಲ, ಹಿಂಜ್ ಸರಿಯಾಗಿ ಕೂತಿತ್ತು, ಒಂದೇ ಏಟಿಗೆ ಮುಚ್ತಿತ್ತು. ಕೀ ಕಥೆ ಏನಪ್ಪಾ ಅಂತ ಕೇಳಿದ್ದಕ್ಕೆ "ಎಲ್ಲಾ ಸೆಟ್ ಮಾಡಿದೀನಣ್ಣ, ನಿಮ್ಮ ಹಳೇ ಕೀಲೇ ಎರಡೂ ಡೋರ್ ಓಪನ್ ಆಗುತ್ತೆ" ಅಂದ, ತಿರುಗಿಸಿ ತೋರಿಸಿದ, ನಿಜವಾಗ್ಲೂ ಓಪನ್ ಆಯ್ತು.

ಆಮೇಲೆ ತುಮಕೂರಲ್ಲಿ ಲೋಡ್ ಇಳಿಸೋಕೆ ಅಂತ ರಾತ್ರಿ ಯಾರ್ಡಲ್ಲಿ ಗಾಡಿ ನಿಲ್ಸಿದ್ವಿ, ಡ್ರೈವರ್ ಊಟಕ್ಕೆ ಹೋಗಿ ಅಲ್ಲೇ ಪರಿಚಯದವರ ಅಂಗಡಿ ಜಗಲಿ ಮೇಲೆ ಮಲಗಿದಾನೆ, ಬೆಳಿಗ್ಗೆ ಎದ್ದು ನೋಡಿದ್ರೆ ಜ್ಯಾಕಿಲ್ಲ, ಹೊಸಾ ಟಾರ್ಪಾಲ್ ಇಲ್ಲ, ಒರಿಜಿನಲ್ ಆರ್‌ಸಿ ಪರ್ಮಿಟ್ ಎಲ್ಲ ಇದ್ದ ಬ್ಯಾಗೂ ಇಲ್ಲ. ಗ್ಲಾಸ್ ಒಡೆದಿಲ್ಲ, ಡೋರ್ ಮೇಲೆ ಒಂದು ಗೀರೂ ಇಲ್ಲ. ಸ್ಟೇಷನ್ನಲ್ಲಿ ಮೊದಲನೇ ಪ್ರಶ್ನೆನೇ ಲಾಕ್ ಮಾಡಿದ್ರಾ ಅಂತ. ಎಲ್ಲರ ಕಣ್ಣೂ ಡ್ರೈವರ್ ಮೇಲೆ. ಪಾಪ ಅವನು ಮಂಜುನಾಥನ ಆಣೆ ಸಾರ್ ಲಾಕ್ ಮಾಡಿ ಎಳೆದು ನೋಡೇ ಹೋಗಿದ್ದೆ ಅಂತಾನೆ, ಯಾರು ನಂಬ್ತಾರೆ.

ಸತ್ಯ ಆಚೆ ಬಂದಿದ್ದು ಅವನಿಂದಾನೇ. ಸಿಟ್ಟಲ್ಲಿ ತನ್ನ ಬೈಕ್ ಕೀ ತೆಗೆದು ಡೋರಿಗೆ ಹಾಕಿ ತಿರುಗಿಸಿದ, ಟಕ್ ಅಂತ ಓಪನ್! ಇನ್ನೊಬ್ಬರ ಗೋಡೌನ್ ಸಣ್ಣ ಕೀ ಹಾಕಿದ್ವಿ, ಅದಕ್ಕೂ ಓಪನ್.

ಬಸ್ ಸ್ಟ್ಯಾಂಡ್ ಹತ್ರ ಕೀ ಮಾಡೋ ಸಾಬಣ್ಣ ಒಬ್ಬರಿದಾರೆ, ಅವರ ಹತ್ರ ಹೋದ್ವಿ. ಡೋರ್ ಪ್ಯಾಡ್ ಬಿಚ್ಚಿ ಒಳಗಡೆಯಿಂದ ಲಾಕ್ ಹಿಡಿದಿರೋ ಯು ಶೇಪ್ ಕ್ಲಿಪ್ಪನ್ನ ಸ್ಕ್ರೂಡ್ರೈವರಲ್ಲಿ ಸರಿಸಿದ್ರು, ಲಾಕಿಗೆ ಸೇರಿರೋ ರಾಡ್ ಬಿಡಿಸಿದ್ರು, ಬ್ಯಾರಲ್ (ಕೀ ಹಾಕಿ ತಿರುಗಿಸೋ ಭಾಗ) ಕೈಗೆ ಬಂತು. ಅದರೊಳಗೆ ತೆಳ್ಳಗಿನ ಹಿತ್ತಾಳೆ ಪತ್ತಿಗಳು ಸಾಲಾಗಿ ಇರ್ತವೆ, ಒಂದೊಂದರ ಪಕ್ಕಕ್ಕೂ ಕೂದಲಿನಷ್ಟು ಸಣ್ಣ ಸ್ಪ್ರಿಂಗ್. ಕೀ ಮೇಲಿರೋ ಕಚ್ಚು ಒಂದೊಂದು ಪತ್ತಿನೂ ಸರಿಯಾದ ಮಟ್ಟಕ್ಕೆ ತಂದ್ರೆ ಮಾತ್ರ ಬ್ಯಾರಲ್ ತಿರುಗ್ಬೇಕು. ನಮ್ಮದ್ರಲ್ಲಿ ಅರ್ಧಕ್ಕೂ ಹೆಚ್ಚು ಪತ್ತಿನೇ ಇಲ್ಲ, ಉಳಿದವನ್ನೂ ಟಿಂಕರಿಂಗ್‌ನೋನು ಅರದಲ್ಲಿ ಉಜ್ಜಿ ಬಿಟ್ಟಿದಾನೆ. ಸೆಟ್ ಮಾಡಿದೀನಿ ಅಂದ್ರೆ ಇದು! ಬೇರೆ ಗಾಡಿ ಲಾಕಿಗೆ ನಮ್ಮ ಕೀ ಕೂರಲ್ಲ, ಅದಕ್ಕೆ ಅಡ್ಡ ಬರೋ ಪತ್ತಿ ಕಿತ್ತು ಬಿಸಾಕಿದಾನೆ. ನಮ್ಮ ಕೀಗೂ ತಿರುಗುತ್ತೆ, ಊರಿನ ಕೀಗೆಲ್ಲ ತಿರುಗುತ್ತೆ. ಸಾಬಣ್ಣ ನಕ್ಕು ಇದೇನು ಹೊಸದಲ್ಲ ಬಿಡಿ, ತಿಂಗಳಿಗೊಂದಾದ್ರೂ ಇಂಥದ್ದು ಬರುತ್ತೆ ಅಂದ್ರು.

ಸರಿಯಾದ ದಾರಿ ಏನೂ ದೊಡ್ಡ ಕೆಲಸ ಅಲ್ಲ. ನಿಮ್ಮ ಹಳೇ ಡೋರಿನ ಬ್ಯಾರಲ್ಲನ್ನೇ ಹೊಸ ಡೋರಿಗೆ ಹಾಕೋದು, ಎಡ ಬಲ ಅದಲು ಬದಲು ಆಗದಂಗೆ ಗುರುತು ಮಾಡ್ಕೊಳಿ, ಹಿಂದಿನ ನಾಲಿಗೆ ಉಲ್ಟಾ ಇರುತ್ತೆ. ಮಾಡೆಲ್ ಬೇರೆಯಾಗಿ ಕೂರಲಿಲ್ಲ ಅಂದ್ರೆ ಪತ್ತಿಗಳನ್ನ ನಿಮ್ಮ ಕೀಗೆ ತಕ್ಕಂಗೆ ಬದಲಾಯಿಸಿ ಕೂರ್ಸೋರು ಇದಾರೆ, ಕೀಳೋದಲ್ಲ, ಬದಲಾಯಿಸೋದು. ಅದೂ ಆಗ್ಲಿಲ್ವಾ, ಪೂರ್ತಿ ಲಾಕ್ ಸೆಟ್ಟೇ ಸಿಗುತ್ತೆ, ಸ್ಟಾರ್ಟಿಂಗ್‌ದು, ಎರಡು ಡೋರು, ಡೀಸೆಲ್ ಟ್ಯಾಂಕ್ ಮುಚ್ಚಳ. ಗಾಡಿ ಬಿಡಿಸ್ಕೊಳೋವಾಗ ಕೈಗೆ ಸಿಕ್ಕ ಬೇರೆ ಕೀಗಳನ್ನೆಲ್ಲ ಹಾಕಿ ನೋಡಿ, ಅರ್ಧ ತಿರುಗಿಸಿದಾಗ ಕೀ ಎಳೆದ್ರೆ ಆಚೆ ಬರುತ್ತಾ ನೋಡಿ, ಬಂದ್ರೆ ಒಳಗೆ ಏನೋ ಕಮ್ಮಿ ಇದೆ ಅಂತಾನೇ ಲೆಕ್ಕ. ಮೊದಲ ಸಲ ಲಾಕ್ ಮಾಡೋವಾಗ ಇನ್ನೊಂದು ಕಡೆ ಗ್ಲಾಸ್ ಇಳಿಸಿರಲಿ, ರಾಡಿನ ಪ್ಲಾಸ್ಟಿಕ್ ಕ್ಲಿಪ್ ಹಳೇದಾಗಿದ್ರೆ ಬಿಚ್ಚಿ ಹಾಕೋವಾಗ ಮುರಿಯುತ್ತೆ, ಆಮೇಲೆ ಕೀ ಸುಮ್ನೆ ಗಿರಗಿರ ತಿರುಗುತ್ತೆ ಅಷ್ಟೇ. ಇಂಜಿನ್ ಆಯಿಲ್ ಬಿಡ್ಬೇಡಿ ಲಾಕಿಗೆ, ಧೂಳು ಹಿಡಿಯುತ್ತೆ, ಗ್ರಾಫೈಟ್ ಪೌಡರ್ ಹಾಕಿ.

ನಂಗೆ ನಿಜವಾಗ್ಲೂ ಹೆದರಿಕೆ ಆಗಿದ್ದು ಇದೆಲ್ಲ ಅಲ್ಲ. ಹಳೇ ಡೋರ್ ಎಲ್ಲಿ ಅಂತ ಟಿಂಕರಿಂಗ್‌ನೋನ್ನ ಕೇಳಿದ್ರೆ ಗುಜರಿಗೆ ಹಾಕ್ಬಿಟ್ಟೆ ಅಂತಾನೆ, ಲಾಕ್ ಸಮೇತ. ಆ ಡೋರ್ ಮೇಲೆ ನಮ್ಮ ಗಾಡಿ ನಂಬರ್ ದೊಡ್ಡದಾಗಿ ಬರೆದಿದೆ. ಗಾಡಿಗೆಲ್ಲ ಒಂದೇ ಕೀ, ಹಂಗಾಗಿ ಒಳಗಿರೋ ಬ್ಯಾರಲ್ ನೋಡಿ ಕೀ ಕಟ್ ಮಾಡೋಕೆ ಗೊತ್ತಿರೋನಿಗೆ ಅದೇ ಕೀಲಿ ಗಾಡಿ ಸ್ಟಾರ್ಟ್ ಆಗುತ್ತೆ, ಡೀಸೆಲ್ ಮುಚ್ಚಳನೂ ಬರುತ್ತೆ. ಯಾವ ಗಾಡಿದು ಅಂತ ಹುಡುಕೋದೂ ಬೇಡ, ನಂಬರ್ ಡೋರ್ ಮೇಲೇ ಇದೆ. ಹಳೇ ಡೀಸೆಲ್ ಗಾಡಿ ಕದಿಯೋನಿಗೆ ಕೀನೇ ಬೇಕಂತಿಲ್ಲ ಅಂತೀರಾ, ಸರಿ, ಆದ್ರೆ ನಾವೇ ಕೀ ಯಾಕೆ ಕೊಡ್ಬೇಕು. ಗುಜರಿಗೆ ಹೋಗಿ ವಿಚಾರಿಸಿದ್ವಿ, ಡೋರ್ ಸಿಗಲಿಲ್ಲ. ಕೊನೆಗೆ ಪೂರ್ತಿ ಲಾಕ್ ಸೆಟ್ಟೇ ಹೊಸದು ಹಾಕ್ಸಿದ್ವಿ.

ಆರ್‌ಸಿಗೆ ಪೊಲೀಸ್ ಕಂಪ್ಲೇಂಟ್ ಕಾಪಿ ಇಟ್ಟು ಫಾರಂ 26 ಕೊಟ್ಟು ಡೂಪ್ಲಿಕೇಟ್ ಮಾಡಿಸ್ಬೇಕಾಯ್ತು, ಲೋನ್ ಇರೋರಿಗೆ ಫೈನಾನ್ಸ್‌ನೋರ ಸಹಿ ಬೇರೆ ಬೇಕು. 2018ರಿಂದ ಡಿಜಿಲಾಕರ್, ಎಂಪರಿವಾಹನ್ ಆ್ಯಪಲ್ಲಿರೋದನ್ನ ಮೊಬೈಲಲ್ಲೇ ತೋರಿಸಿದ್ರೆ ನಡೆಯುತ್ತೆ, ಒರಿಜಿನಲ್ ಕ್ಯಾಬಿನ್ನಲ್ಲಿ ಇಡೋ ಅಭ್ಯಾಸ ಬಿಡಿ. ಇನ್ನೊಂದು, ಗಾಡಿನೇ ಕಳುವಾದ್ರೆ ಇನ್ಶೂರೆನ್ಸ್‌ನೋರು ಇರೋ ಕೀಗಳನ್ನೆಲ್ಲ ಕೇಳ್ತಾರೆ, ಆಗ ಗೊಂಚಲಲ್ಲಿರೋ ಬೇರೆ ಬೇರೆ ಕೀ ಎಲ್ಲಿಂದ ಬಂತು ಅಂತ ಶುರುವಾಗುತ್ತೆ, ಹಂಗಾಗಿ ಲಾಕ್ ಸೆಟ್ ಹಾಕ್ಸಿದ್ರೆ ಗಾಡಿ ನಂಬರ್ ಬರೆಸಿರೋ ಬಿಲ್ ತಗೊಂಡು ಸ್ಪೇರ್ ಕೀ ಜೊತೆ ಮನೇಲಿಡಿ, ಸಾಧ್ಯ ಆದ್ರೆ ಅವರಿಗೆ ಒಂದು ಮೇಲ್ ಹಾಕಿಡಿ. ಶಾಪಿನ ಹೆಸರು ಇಲ್ಲಿ ಹಾಕಲ್ಲ, ಇನ್‌ಬಾಕ್ಸಲ್ಲೂ ಕೇಳ್ಬೇಡಿ, ಈ ಕೆಲಸ ಮಾಡೋನು ಅವನೊಬ್ಬನೇ ಅಲ್ಲ.