ತೀರಿಸಿದ ಸಾಲ, ತೀರದ ರಿಪೋರ್ಟ್

ಮನೆ ಸಾಲಕ್ಕೆ ಹೋದಾಗ ಕ್ರೆಡಿಟ್ ಸ್ಕೋರ್ ಕಡಿಮೆ ಎಂದು ಅರ್ಜಿ ವಾಪಸ್ ಬಂತು. ಕ್ರೆಡಿಟ್ ರಿಪೋರ್ಟ್ ತೆಗೆದು ನೋಡಿದರೆ, 2021ರಲ್ಲೇ ತೀರಿಸಿದ್ದ ಬೈಕ್ ಸಾಲ ಇನ್ನೂ ಬಾಕಿ ಅಂತಿತ್ತು! ನಮ್ಮ ಸಾಲಗಳ ದಾಖಲೆ ಇಡುವ ಪ್ರತಿ ಕ್ರೆಡಿಟ್ ಬ್ಯೂರೋ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಲೇಬೇಕು. ಇದು ನನಗೆ ಮೊದಲೇ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು.

ಬ್ಯೂರೋ ವೆಬ್‌ಸೈಟಿನಲ್ಲಿ ದೂರು ಹಾಕಲು ಹತ್ತೇ ನಿಮಿಷ ಸಾಕು. ದುಡ್ಡೂ ಇಲ್ಲ. ಆದರೆ ಬ್ಯೂರೋ ತಾನಾಗಿ ಏನನ್ನೂ ತಿದ್ದುವುದಿಲ್ಲ, ಸಾಲ ಕೊಟ್ಟವರು ಒಪ್ಪಬೇಕು. ನನ್ನ ಫೈನಾನ್ಸ್ ಕಂಪನಿಯವರು ಸುಮ್ನೆ ಕೂತಿದ್ದರು. ಎನ್‌ಒಸಿ (ಸಾಲ ತೀರಿದೆ, ಬಾಕಿ ಇಲ್ಲ ಎಂಬ ಪತ್ರ) ಹಿಡಿದು ಎರಡು ಸಲ ಬ್ರಾಂಚಿಗೆ ಅಲೆದೆ. ಮೂರನೇ ಸಲ ಪತ್ರ ಬರೆದೆ. 30 ದಿನದೊಳಗೆ ದೂರು ಬಗೆಹರಿಯದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮ ಇದು. ಅದನ್ನೇ ಪತ್ರದಲ್ಲಿ ಬರೆದಿದ್ದೆ. 26ನೇ ದಿನ ಆ ಸಾಲದ ಮುಂದೆ ‘ಕ್ಲೋಸ್ಡ್’ ಎಂದು ಬಂತು. ಕಣ್ಣು ತುಂಬಿ ಬಂತು, ನಿಜವಾಗಿ.

ಬ್ಯೂರೋದ ಈ ದೂರು ಸೇವೆಗೆ ಐದಕ್ಕೆ ಮೂರು ಸ್ಟಾರ್. ದೂರು ಎಲ್ಲಿಗೆ ಬಂತು ಎಂದು ಕೇಳಿದಾಗಲೆಲ್ಲ ಒಂದೇ ಸಿದ್ಧ ಉತ್ತರ ಬರುತ್ತಿತ್ತು. ಅದಕ್ಕೇ ಎರಡು ಕಡಿಮೆ.