ಎನ್‌ಎಸ್‌ಎಸ್ ಸೇರುವುದೋ, ಅಂಧರಿಗೆ ಪರೀಕ್ಷೆ ಬರೆದುಕೊಡುವುದೋ?

ಪದವಿ ತರಗತಿಗೆ ಸೇರಿದವರು ಸೇವೆಗೆ ಇಳಿಯಬೇಕೆಂದರೆ ಈ ಎರಡು ದಾರಿಗಳು ಹತ್ತಿರದಲ್ಲಿವೆ. ಎರಡರ ಜಾಯಮಾನ ಬೇರೆ ಬೇರೆ.

ಎನ್‌ಎಸ್‌ಎಸ್ ಅಂದರೆ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾದದ್ದು ಗಾಂಧೀಜಿಯವರ ಜನ್ಮಶತಮಾನೋತ್ಸವದ ವರ್ಷ, 1969ರಲ್ಲಿ. ಎರಡು ವರ್ಷಗಳಲ್ಲಿ 240 ಗಂಟೆ ದುಡಿಯಬೇಕು. ಜೊತೆಗೆ ಏಳು ದಿನಗಳ ವಿಶೇಷ ಶಿಬಿರ. ಸಾಮಾನ್ಯವಾಗಿ ಅದು ಹಳ್ಳಿಯಲ್ಲಿ. ಗೆಳೆಯರ ಬಳಗವೂ ಪ್ರಮಾಣಪತ್ರವೂ ಸಿಗುತ್ತವೆ. ಒಂದೇ ಸಸಿಯನ್ನು ಹತ್ತು ಮಂದಿ ಹಿಡಿದು ಫೋಟೊಗೆ ನಿಲ್ಲುವ ದಿನಗಳೂ ಬರುತ್ತವೆ, ಅದನ್ನು ಸಹಿಸಿಕೊಳ್ಳಬೇಕು.

ಅಂಧರು ಹೇಳಿದ ಉತ್ತರ ಬರೆದುಕೊಡುವ ಲಿಪಿಕಾರರಾಗಲು ಬೇಕಾದದ್ದು ಒಂದು ಬೆಳಗ್ಗೆ, ಓದಲು ಬರುವ ಅಕ್ಷರ ಮತ್ತು ಬಾಯಿ ಬಿಗಿಹಿಡಿಯುವ ಶಕ್ತಿ. ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಸಿಕ್ಕರೆ ಮೂರು ಗಂಟೆಯ ಪರೀಕ್ಷೆ ನಾಲ್ಕು ಗಂಟೆಯಾಗುತ್ತದೆ. ಪ್ರಶ್ನೆಯನ್ನು ಓದಿ ಹೇಳಬೇಕು, ಪರೀಕ್ಷಾರ್ಥಿ ಹೇಳಿದ್ದನ್ನಷ್ಟೇ ಬರೆಯಬೇಕು. ಉತ್ತರ ತಪ್ಪೆಂದು ಗೊತ್ತಿದ್ದರೂ ತಿದ್ದುವಂತಿಲ್ಲ. ಪೆನ್ನು ಒಂದು ಕ್ಷಣ ತಡವರಿಸಿದರೂ ಎದುರಿನವರಿಗೆ ಅದು ಗೊತ್ತಾಗಿಬಿಡುತ್ತದೆ! ಲಿಪಿಕಾರರ ವಿದ್ಯಾರ್ಹತೆಗೆ ಮಿತಿ ಇರುವುದರಿಂದ ಆ ಪರೀಕ್ಷೆಯ ನಿಯಮವನ್ನು ಮೊದಲೇ ಕೇಳಿಕೊಳ್ಳಿ. ಪ್ರಮಾಣಪತ್ರದ ಆಸೆ ಬೇಡ.

ಗುಂಪಿನಲ್ಲಿ ಚುರುಕಾಗುವವರು, ಮನೆ ಬಿಟ್ಟು ಇದ್ದು ಗೊತ್ತಿಲ್ಲದವರು ಎನ್‌ಎಸ್‌ಎಸ್ ಸೇರಲಿ. ಮಾತು ಕಡಿಮೆ, ಬಿಡುವೂ ಕಡಿಮೆ ಎನ್ನುವವರಿಗೆ ನನ್ನ ಮತ ಲಿಪಿಕಾರಿಕೆಗೆ. ಒಂದೇ ತೊಡಕು, ನಿಮ್ಮ ಪರೀಕ್ಷೆಗಳೂ ಅದೇ ದಿನಗಳಲ್ಲಿ ಬರಬಹುದು. ವೇಳಾಪಟ್ಟಿ ನೋಡಿಯೇ ಒಪ್ಪಿಕೊಳ್ಳಿ. ಹಿಂದಿನ ರಾತ್ರಿ ಕೈಕೊಟ್ಟರೆ ಇನ್ನೊಬ್ಬರ ವರ್ಷವೇ ಹೋಗುತ್ತದೆ.